ಪೆಟ್ಟಿಗೆಯ ಕೊನೆಯ ಗೇಣು

"ಗುರುಗಳೇ, ಇನ್ನೊಬ್ಬರ ಗೆಲುವಿನಲ್ಲಿ ಮನುಷ್ಯ ನಿಜವಾಗಿ ಸಂತೋಷಪಡಬಲ್ಲನೇ? ಅಥವಾ ಅದು ಬರೀ ಸೌಜನ್ಯವೇ?"

ಕೇಳಿದವಳು ನೀಲಾಂಬಿಕೆ ಎಂಬ ಶಿಷ್ಯೆ. ಪಿಸುಮಾತಿನಲ್ಲಿ ಕೇಳಿದಳು. ಅವಳ ಗಂಟಲು ಒಡೆದು ಹೋಗಿತ್ತು.

ಹಿಂದಿನ ದಿನ ಆಶ್ರಮದಲ್ಲಿ ವಾರ್ಷಿಕ ಸಭೆ ನಡೆದಿತ್ತು. ಸಭೆಯ ಮುಖ್ಯ ಉಪನ್ಯಾಸ ನೀಲಾಂಬಿಕೆಯದೆಂದು ಬಹಳ ಮೊದಲೇ ನಿಶ್ಚಯವಾಗಿತ್ತು. ಅದಕ್ಕಾಗಿ ಅವಳು ವರ್ಷವಿಡೀ ಓದಿದ್ದಳು, ಬರೆದಿದ್ದಳು, ಬರೆದದ್ದನ್ನು ಹರಿದು ಮತ್ತೆ ಬರೆದಿದ್ದಳು. ಸಭೆಯ ದಿನ ಬೆಳಿಗ್ಗೆ ಎದ್ದಾಗ ಧ್ವನಿಯೇ ಹೊರಡಲಿಲ್ಲ. ಮೆಣಸಿನ ಕಷಾಯವಾಗಲಿ ಉಪ್ಪುನೀರಾಗಲಿ ನೆರವಾಗಲಿಲ್ಲ. ಕೊನೆಗೆ ಅದೇ ಉಪನ್ಯಾಸವನ್ನು ಅವಳ ಸಹಪಾಠಿ ದಾನಮ್ಮ ಮಾಡಿದಳು. ಸೊಗಸಾಗಿ ಮಾಡಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀಲಾಂಬಿಕೆಯೂ ತಟ್ಟಿದಳು.

ಉತ್ತರಿಸುವ ಮುನ್ನ ಪ್ರಶ್ನೆಯನ್ನು ತಿದ್ದುವುದು ಗುರುಗಳ ಪದ್ಧತಿ.

"ಮನುಷ್ಯ ಎಂದೆ. ಯಾವ ಮನುಷ್ಯ?"

"ನಾನು, ಗುರುಗಳೇ."

"ಹಾಗಿದ್ದರೆ ಹಾಗೆಯೇ ಕೇಳಬೇಕು. ನಿನ್ನ ಕಷ್ಟಕ್ಕೆ ಇಡೀ ಮನುಷ್ಯಕುಲವನ್ನು ಎಳೆದು ತರಬಾರದು. ದಾನಮ್ಮ ಇಲ್ಲೇ ಕುಳಿತಿದ್ದಾಳೆ. ಅವಳ ಬೆನ್ನ ಹಿಂದೆ ಕೇಳದೆ ಎದುರಿಗೇ ಕೇಳಿದೆ, ಅದೊಂದು ಸರಿಯಾಯಿತು. ನೆಟ್ಟಗೆ ಕುಳಿತುಕೋ."

ನೀಲಾಂಬಿಕೆ ನೆಟ್ಟಗೆ ಕುಳಿತಳು. ದಾನಮ್ಮ ನೆಲ ನೋಡಿದಳು. ಗುರುಗಳು ಎಂದಿನಂತೆ ಒಬ್ಬ ರೈತ ಎಂದೋ ಒಬ್ಬ ವ್ಯಾಪಾರಿ ಎಂದೋ ಆರಂಭಿಸುತ್ತಾರೆಂದು ಉಳಿದ ಶಿಷ್ಯರು ಕಾದರು.

"ಒಬ್ಬಳು ಗಗನಯಾತ್ರಿ ಇದ್ದಳು," ಎಂದರು ಗುರುಗಳು.

ಶಿಷ್ಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ರೈತರಿಗೆ ಇವತ್ತು ವಿಶ್ರಾಂತಿ," ಎಂದು ಗುರುಗಳು ಕತೆ ಮುಂದುವರಿಸಿದರು.

ಭೂಮಿಯ ಸುತ್ತ ಒಂದು ದೂರದರ್ಶಕ ತಿರುಗುತ್ತಿತ್ತು. ಮೋಡಗಳ ಮೇಲೆ, ಗಾಳಿಯ ಮೇಲೆ ಅದರ ದಾರಿ. ನೆಲದ ಮೇಲಿನ ಯಾವ ಕಣ್ಣಿಗೂ ಕಾಣದ ದೂರದ ನಕ್ಷತ್ರಗಳು ಅದಕ್ಕೆ ಕಾಣುತ್ತಿದ್ದವು. ಅದು ಕಳಿಸಿದ ಚಿತ್ರಗಳು ಶಾಲೆಯ ಗೋಡೆಗಳ ಮೇಲಿದ್ದವು, ಪಂಡಿತರ ಪುಸ್ತಕಗಳಲ್ಲಿದ್ದವು. ಒಂದು ದಿನ ಅದರೊಳಗಿನ ಕ್ಯಾಮೆರಾ ಕೆಟ್ಟಿತು. ಮಿಕ್ಕದ್ದೆಲ್ಲ ಸರಿಯಾಗಿತ್ತು. ಆದರೆ ಕಣ್ಣು ಹೋದ ಮೇಲೆ ಮಿಕ್ಕದ್ದೆಲ್ಲ ಸರಿಯಾಗಿದ್ದು ಏನು ಪ್ರಯೋಜನ?

ಹೊಸ ಕ್ಯಾಮೆರಾ ತಯಾರಾಯಿತು. ಅದೊಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ದೂರದರ್ಶಕದ ಹೊಟ್ಟೆಯಲ್ಲಿ ಅದಕ್ಕೊಂದು ಗೂಡು. ಹಳೆಯ ಪೆಟ್ಟಿಗೆಯನ್ನು ಗೂಡಿನಿಂದ ಎಳೆದು ತೆಗೆಯಬೇಕು, ಹೊಸದನ್ನು ಒಳಗೆ ನೂಕಬೇಕು. ಕೊನೆಯವರೆಗೂ ನೂಕಿದರೆ ಅಲ್ಲೊಂದು ಚಿಲಕವಿದೆ, ಅದು ತಾನಾಗಿ ಬೀಳುತ್ತದೆ. ಮೇಜಿನ ಸೆಳೆಖಾನೆಯನ್ನು ಒಳಗೆ ತಳ್ಳಿ ಮುಚ್ಚಿದ ಹಾಗೆ. ಹೇಳುವುದಕ್ಕೆ ಇಷ್ಟೇ.

ಆ ಕೆಲಸಕ್ಕೆ ಇಬ್ಬರು ಗಗನಯಾತ್ರಿಗಳನ್ನು ಸಿದ್ಧಗೊಳಿಸಿದರು. ಒಬ್ಬಳು ಹೆಂಗಸು, ಒಬ್ಬ ಗಂಡಸು. ಇಬ್ಬರಲ್ಲಿ ಒಬ್ಬರು ಪೆಟ್ಟಿಗೆ ಕೂರಿಸಬೇಕು. ಇನ್ನೊಬ್ಬರು ಪಕ್ಕದಲ್ಲಿ ದೀಪ ಹಿಡಿದು, ಹಗ್ಗಗಳು ತೊಡರದಂತೆ ನೋಡಿಕೊಳ್ಳಬೇಕು. ಯಾರು ಕೂರಿಸುವವರು, ಯಾರು ದೀಪ ಹಿಡಿಯುವವರು ಎಂಬುದನ್ನು ಪರೀಕ್ಷೆಯಿಂದ ತೀರ್ಮಾನಿಸಬೇಕಾಗಿತ್ತು.

ಬಾಹ್ಯಾಕಾಶದಲ್ಲಿ ತೂಕವಿಲ್ಲ. ನೆಲದ ಮೇಲೆ ಅಂಥ ಜಾಗವೂ ಇಲ್ಲ. ಆದ್ದರಿಂದ ಅವರು ನೀರಿನಲ್ಲಿ ಅಭ್ಯಾಸ ಮಾಡುತ್ತಾರೆ. ಬಹಳ ದೊಡ್ಡ ಕೊಳ. ಅದರ ತಳದಲ್ಲಿ ದೂರದರ್ಶಕದ ಒಂದು ನಕಲು, ಪೆಟ್ಟಿಗೆಯ ಒಂದು ನಕಲು. ಉಡುಪು ತೊಟ್ಟು, ಶಿರಸ್ತ್ರಾಣ ಹಾಕಿ, ಮುಳುಗಿ, ತಿಂಗಳುಗಟ್ಟಲೆ ಅದೇ ಪೆಟ್ಟಿಗೆಯನ್ನು ಅದೇ ಗೂಡಿಗೆ ನೂಕುವುದು. ಇಬ್ಬರೂ ಸರದಿಯಂತೆ ನೂಕಿದರು.

ಅವನು ನೂಕಿದಾಗ ಪೆಟ್ಟಿಗೆ ಸರಾಗವಾಗಿ ಹೋಗುತ್ತಿತ್ತು, ಕೊನೆಯ ಒಂದು ಗೇಣು ಉಳಿದಾಗ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ಅಲ್ಲ. ಆದರೆ ಆಗಾಗ. ಅವಳು ನೂಕಿದಾಗ ಸಿಕ್ಕಿಕೊಳ್ಳುತ್ತಿರಲಿಲ್ಲ. ಮೊದಮೊದಲು ಅವಳದೂ ಸಿಕ್ಕಿಕೊಂಡಿತ್ತು. ನಂತರ ಒಂದು ದಿನ ಸಿಕ್ಕಿಕೊಳ್ಳುವುದು ನಿಂತಿತು. ತರಬೇತಿ ಕೊಡುವವರು ತಲೆದೂಗಿ, "ಅವಳ ಕೈಗುಣ," ಎಂದರು. ಕೆಲಸ ಅವಳಿಗೆ ಸಿಕ್ಕಿತು. ದೀಪ ಅವನಿಗೆ ಸಿಕ್ಕಿತು.

ಅದು ಕೈಗುಣವಾಗಿರಲಿಲ್ಲ. ಆ ಪೆಟ್ಟಿಗೆಯ ಭಾರವೆಲ್ಲ ಎಡಬದಿಯ ಕೆಳಮೂಲೆಯಲ್ಲಿತ್ತು, ಅದರ ಗಾಜುಗಳು ಅಲ್ಲಿದ್ದವು. ತೂಕ ಹೋದರೂ ನೂಕುವ ಕೈಗೆ ತಿಳಿಯುವ ಭಾರ ಹೋಗುವುದಿಲ್ಲ, ಅದು ತನ್ನ ಮೂಲೆಯಲ್ಲಿ ಹಾಗೇ ಕುಳಿತಿರುತ್ತದೆ. ಎರಡೂ ಕೈಯಿಂದ ಸಮವಾಗಿ ನೂಕಿದರೆ ಬಲಬದಿ ಮುಂದೆ ಓಡುತ್ತದೆ, ಎಡಬದಿ ಹಿಂದೆ ಉಳಿಯುತ್ತದೆ, ಪೆಟ್ಟಿಗೆ ಓರೆಯಾಗುತ್ತದೆ. ಕೊನೆಯ ಗೇಣಿನಲ್ಲಿ ಗೂಡು ಬಹಳ ಬಿಗಿ. ಓರೆಯಾದದ್ದನ್ನು ಅದು ಒಳಗೆ ಬಿಡುವುದಿಲ್ಲ. ಅವಳು ಇದನ್ನು ತಾನೇ ಕಂಡುಕೊಂಡಳು. ಕೊನೆಯ ಗೇಣು ಬಂದಾಗ ಬಲಗೈಯನ್ನು ಪೂರ್ತಿ ತೆಗೆದು, ಎಡ ಅಂಗೈಯನ್ನು ಕೆಳಮೂಲೆಗೆ ಇಟ್ಟು, ಅದೊಂದರಿಂದಲೇ ನೂಕುತ್ತಿದ್ದಳು. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತಿದ್ದರು. ಅವಳ ಕೈಯನ್ನು ಯಾರೂ ನೋಡಲಿಲ್ಲ.

ಅವನು ಒಮ್ಮೆ ಕೇಳಿದ್ದ. "ಹೇಗೆ ಮಾರಾಯ್ತಿ?"

"ಅಭ್ಯಾಸ," ಎಂದಿದ್ದಳು.

"ನಾನೇನು ಅಲ್ಲಿ ಈಜಲು ಹೋಗಿದ್ದೆನೇ?"

ಅವಳು ನಕ್ಕು ಸುಮ್ಮನಾಗಿದ್ದಳು. ಬಚ್ಚಿಟ್ಟಳು ಎನ್ನಲು ಬರುವುದಿಲ್ಲ. ಹೇಳಲಿಲ್ಲ, ಅಷ್ಟೆ. ಬಚ್ಚಿಡುವುದಕ್ಕೂ ಹೇಳದಿರುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಅವಳಿಗೆ ತಿಳಿಯದ ವಿಷಯವಲ್ಲ.

ಇಲ್ಲಿ ಗುರುಗಳು ನಿಲ್ಲಿಸಿದರು. ಹಿಂದೆ ಕುಳಿತ ಶಿಷ್ಯರೊಬ್ಬರು, "ಅವಳು ಕೆಲಸ ಬಯಸಿದ್ದು ಹೆಸರಿಗೋ, ದೂರದರ್ಶಕಕ್ಕೋ?" ಎಂದು ಕೇಳಿದರು.

"ಎರಡಕ್ಕೂ. ನಾನು ಸಂತರ ಕತೆ ಹೇಳುತ್ತಿಲ್ಲ. ಇನ್ನು ಮುಂದೆ ನಡುವೆ ಕೇಳುವುದಿದ್ದರೆ ಕೈ ಎತ್ತಿ."

ಕತೆ ಮುಂದುವರಿಯಿತು.

ಅವರು ಹೋದರು. ನೌಕೆ ದೂರದರ್ಶಕದ ಪಕ್ಕಕ್ಕೆ ಹೋಗಿ, ತನ್ನ ಉದ್ದನೆಯ ಯಂತ್ರದ ಕೈಯಿಂದ ಅದನ್ನು ಹಿಡಿದು, ತನ್ನ ಬೆನ್ನಿನ ಮೇಲೆ ನಿಲ್ಲಿಸಿ ಬಿಗಿದುಕೊಂಡಿತು. ಇಬ್ಬರೂ ಉಡುಪು ತೊಟ್ಟು ಹೊರಗೆ ಬಂದರು. ಕೆಳಗೆ ಭೂಮಿ ತಿರುಗುತ್ತಿತ್ತು. ಅವರು ಅದನ್ನು ನೋಡಲಿಲ್ಲ, ಕೆಲಸವಿತ್ತು. ಅವಳು ಪಾದಗಳನ್ನು ಹಿಡಿಕೆಯಲ್ಲಿ ಸಿಕ್ಕಿಸಿ ನಿಂತಳು. ಅವನು ದೀಪ ಹಿಡಿದ. ದೂರದರ್ಶಕದ ಹೊಟ್ಟೆಯ ಬಾಗಿಲು ತೆರೆದರು. ಹಳೆಯ ಪೆಟ್ಟಿಗೆ ಹೊರಗೆ ಬಂತು. ಅದನ್ನು ನೌಕೆಗೆ ಕಟ್ಟಿದರು. ಹೊಸ ಪೆಟ್ಟಿಗೆಯನ್ನು ಬಿಚ್ಚಿ ಗೂಡಿನ ಬಾಯಿಗೆ ತಂದರು.

ಅವಸರವೂ ಇತ್ತು. ಬಾಗಿಲು ತೆರೆದಿರುವಷ್ಟು ಹೊತ್ತೂ ಒಳಗಿನ ಶಾಖ ಹೊರಗೆ ಹೋಗುತ್ತಿತ್ತು. ಶಾಖ ಪೂರ್ತಿ ಹೋದರೆ ಒಳಗಿನ ದೊಡ್ಡ ಕನ್ನಡಿ ಬಿರುಕು ಬಿಡುತ್ತದೆ. ಕನ್ನಡಿ ಬಿರುಕು ಬಿಟ್ಟರೆ ದೂರದರ್ಶಕ ಮತ್ತೆ ಎಂದೂ ನೋಡುವುದಿಲ್ಲ. ಇನ್ನೊಂದು ಸಲ ಬರಲು ಇನ್ನೊಂದು ನೌಕೆ ಇರಲಿಲ್ಲ.

ಆ ಕೆಲಸಗಾರರಲ್ಲಿ ಒಂದು ನಿಯಮವಿದೆ. ಆಗಾಗ ಕೆಲಸ ನಿಲ್ಲಿಸಬೇಕು. ಇಬ್ಬರೂ ತಮ್ಮ ತಮ್ಮ ಅಂಗೈಗಳನ್ನು ಬೆಳಕಿಗೆ ಹಿಡಿದು, ಕೈಗವಸಿನ ಒಂದೊಂದೇ ಬೆರಳನ್ನು ನೋಡಬೇಕು. ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಕೈಗವಸು ಹರಿದರೆ ಉಸಿರಾಡುವ ಗಾಳಿ ಹೊರಗೆ ಹೋಗುತ್ತದೆ. ಹೊರಪದರ ಮಾತ್ರ ಹರಿದಿದ್ದರೂ ಕೆಲಸ ಬಿಟ್ಟು, ನೌಕೆಯ ಒಳಗೆ ಹೋಗುವ ಒಳಬಾಗಿಲಿಗೆ ಮರಳಬೇಕು. ಅವರವರ ಕೈಯನ್ನು ಅವರವರೇ ನೋಡಿಕೊಳ್ಳುವುದು ಪದ್ಧತಿ. ಇನ್ನೊಬ್ಬರು ಬಂದು ಪರಿಶೀಲಿಸುವುದಿಲ್ಲ. ಈ ಪದ್ಧತಿ ನನಗೆ ಬಹಳ ಮೆಚ್ಚುಗೆಯಾದದ್ದು.

ಪೆಟ್ಟಿಗೆಯನ್ನು ಗೂಡಿನ ಬಾಯಿಗೆ ಹಿಡಿದು ನೂಕಬೇಕು ಎನ್ನುವ ಹೊತ್ತಿಗೆ ಆ ಸಮಯ ಬಂತು. ಭೂಮಿಯಿಂದ ಕೆಲಸ ನಡೆಸುವ ನೆಲದ ಕೇಂದ್ರದವರು ರೇಡಿಯೋದಲ್ಲಿ ಹೇಳಿದರು: "ಕೈ ನೋಡಿಕೊಳ್ಳಿ."

ಅವನು ನೋಡಿ, "ಎರಡೂ ಚೆನ್ನಾಗಿವೆ," ಎಂದ.

ಅವಳು ನೋಡಿದಳು. ಬಲ ಹೆಬ್ಬೆರಳಿನ ಒಳಭಾಗದಲ್ಲಿ ಒಂದು ಸೀಳು. ಅಕ್ಕಿಕಾಳಿಗಿಂತ ದೊಡ್ಡದಲ್ಲ. ಹಳೆಯ ಪೆಟ್ಟಿಗೆ ತೆಗೆಯುವಾಗ ಯಾವುದೋ ಅಂಚು ತಾಗಿರಬೇಕು. ಗಾಳಿ ಹೋಗುತ್ತಿರಲಿಲ್ಲ. ಯಾರಿಗೂ ಕಾಣುತ್ತಿರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಸಾಕಾಗಿತ್ತು, ಅವಳ ಕೆಲಸ ಮುಗಿಯುತ್ತಿತ್ತು.

"ನೀವು?" ಎಂದು ನೆಲದ ಕೇಂದ್ರ ಕೇಳಿತು.

"ಎಡಗೈ ಚೆನ್ನಾಗಿದೆ. ಬಲಗೈ, ಹೆಬ್ಬೆರಳು. ಹೊರಪದರ ಹರಿದಿದೆ," ಎಂದಳು.

ಅವನು ದೀಪವನ್ನು ಅವಳ ಕೈಯ ಕಡೆಗೆ ತಿರುಗಿಸಿದ.

"ಎಲ್ಲಿ? ನನಗೇನೂ ಕಾಣುವುದಿಲ್ಲವಲ್ಲ."

"ನನಗೆ ಕಾಣುತ್ತದೆ."

ನೆಲದ ಕೇಂದ್ರ ನಿಯಮದಂತೆ ಆಜ್ಞೆ ಮಾಡಿತು. ಅವಳು ಮರಳಬೇಕು. ಪೆಟ್ಟಿಗೆಯನ್ನು ಅವನು ಕೂರಿಸಬೇಕು.

ಅವಳು ಪಾದ ಬಿಡಿಸಿಕೊಂಡಳು. ಅವನು ಅವಳ ಜಾಗಕ್ಕೆ ಬಂದ. ಅವಳು ಹಿಡಿಕೆಯಿಂದ ಹಿಡಿಕೆಗೆ ಕೈ ಬದಲಿಸುತ್ತ ಒಳಬಾಗಿಲಿಗೆ ಹೋಗಿ, ನೌಕೆಯ ಗಾಳಿಕೊಳವೆಯನ್ನು ತನ್ನ ಉಡುಪಿಗೆ ಸಿಕ್ಕಿಸಿಕೊಂಡಳು. ಇನ್ನು ಅವಳಿಗೆ ಅಪಾಯವಿರಲಿಲ್ಲ. ಕೆಲಸವೂ ಇರಲಿಲ್ಲ. ಬಾಗಿಲ ಅಂಚಿನ ಕಂಬಿಯನ್ನು ಹಿಡಿದು ನಿಂತಳು. ಅಲ್ಲಿಂದ ಅವಳಿಗೆ ಅವನ ಬೂಟುಗಳು ಕಾಣುತ್ತಿದ್ದವು, ಬೆನ್ನಿನ ಒಂದು ಭಾಗ ಕಾಣುತ್ತಿತ್ತು. ಪೆಟ್ಟಿಗೆ ಕಾಣುತ್ತಿರಲಿಲ್ಲ.

ಅವನು ನೂಕಿದ. ರೇಡಿಯೋದಲ್ಲಿ ಅವನ ಉಸಿರು ಕೇಳುತ್ತಿತ್ತು. ಮೊದಲು ನಿಧಾನವಾಗಿತ್ತು, ಆಮೇಲೆ ಬಿಗಿಯಾಯಿತು, ಆಮೇಲೆ ನಿಂತಿತು. ಅವಳಿಗೆ ಏನಾಯಿತೆಂದು ತಿಳಿಯಿತು.

"ಒಂದು ಗೇಣು ಉಳಿದಿದೆ. ಸಿಕ್ಕಿಕೊಂಡಿದೆ," ಎಂದ.

"ಹಿಂದಕ್ಕೆ ಎಳೆದು ಮತ್ತೆ ನೂಕಿ," ಎಂದಿತು ನೆಲದ ಕೇಂದ್ರ.

ಎಳೆದು ನೂಕಿದ. ಅದೇ ಜಾಗದಲ್ಲಿ ನಿಂತಿತು. ಮತ್ತೆ ಎಳೆದ, ಮತ್ತೆ ನೂಕಿದ. ಇನ್ನೂ ಬಲವಾಗಿ ನೂಕಿದರೆ ಗೂಡಿನ ಹಳಿ ಬಾಗುತ್ತದೆ ಎಂದು ಎಚ್ಚರಿಸಿದರು. ಕನ್ನಡಿಯ ಶಾಖ ಇಳಿಯುತ್ತಿದೆ ಎಂದೂ ಎಚ್ಚರಿಸಿದರು. ನೆಲದ ಕೇಂದ್ರದಲ್ಲಿ ಬುದ್ಧಿವಂತರಿಗೆ ಕೊರತೆಯಿರಲಿಲ್ಲ. ಪ್ರತಿಯೊಬ್ಬರೂ ಒಂದೊಂದು ಉಪಾಯ ಹೇಳಿದರು. ಎಲ್ಲವೂ ಎರಡು ಕೈಗಳ ಉಪಾಯಗಳೇ.

ಇಲ್ಲಿ, ನೀಲಾಂಬಿಕೆ, ಗಮನವಿಟ್ಟು ಕೇಳು.

ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಆಗ ಅವಳ ಮನಸ್ಸಿಗೆ ಒಂದು ಯೋಚನೆ ಬಂತು. ಅವನಿಂದ ಆಗದಿದ್ದರೆ ಇದು ತನ್ನಿಂದ ಮಾತ್ರ ಆಗುತ್ತಿತ್ತು ಎಂಬುದು ಲೋಕಕ್ಕೆಲ್ಲ ತಿಳಿಯುತ್ತದೆ. ತಾನು ಬಾಯಿಬಿಟ್ಟರೆ ಅದು ತನ್ನ ಕೈಗುಣವಲ್ಲ, ಯಾರು ಬೇಕಾದರೂ ಮಾಡಬಹುದಾದ ಒಂದು ಉಪಾಯ ಎಂಬುದು ತಿಳಿಯುತ್ತದೆ. ಅದೂ ಎಲ್ಲರ ಕಿವಿಗೆ ಬೀಳುವ ರೇಡಿಯೋದಲ್ಲಿ.

ಆ ಯೋಚನೆಯನ್ನು ಅವಳು ಕರೆದಿರಲಿಲ್ಲ. ಅದು ಬಂದು ನಿಂತಿತು. ಬಂದದ್ದು ಅವಳ ತಪ್ಪೂ ಅಲ್ಲ. ಅವಳು ಅದಕ್ಕೆ ಕೂರಲು ಕುರ್ಚಿ ಕೊಡಲಿಲ್ಲ, ಅಷ್ಟೆ.

"ನಿನ್ನ ಬಲಗೈ ತೆಗೆ," ಎಂದಳು.



"ತೆಗೆದರೆ ಪೆಟ್ಟಿಗೆಯನ್ನು ಹಿಡಿಯುವವರು ಯಾರು?" ಎಂದು ಅವನು ಕೇಳಿದ.

"ಯಾರೂ ಬೇಡ. ಇಲ್ಲಿ ಯಾವುದೂ ಬೀಳುವುದಿಲ್ಲ. ಕೊಳದ ಭಯವನ್ನು ಕೊಳದಲ್ಲೇ ಬಿಡು. ಬಲಗೈ ಪೂರ್ತಿ ತೆಗೆ. ಬೆರಳೂ ತಾಗಬಾರದು. ತೆಗೆದೆಯಾ?"

"ತೆಗೆದೆ."

"ಸುಳ್ಳು ಹೇಳಬೇಡ."

ಅವನು ಕೊನೆಯ ಬೆರಳನ್ನೂ ಪೆಟ್ಟಿಗೆಯಿಂದ ಬಿಡಿಸಿದ.

"ಈಗ ತೆಗೆದೆ," ಎಂದ.

"ಒಂದು ಗೇಣು ಹಿಂದಕ್ಕೆ ಎಳೆದುಕೋ. ಎಡ ಅಂಗೈಯನ್ನು ಕೆಳಗಿನ ಎಡ ಮೂಲೆಗೆ ಇಡು. ಭಾರವೆಲ್ಲ ಅಲ್ಲಿದೆ. ಆ ಮೂಲೆಯನ್ನು ಮಾತ್ರ ನೂಕು. ಪೆಟ್ಟಿಗೆಯ ಮಿಕ್ಕ ಭಾಗದ ಚಿಂತೆ ನಿನಗೆ ಬೇಡ, ಅದು ಹಿಂದೆಯೇ ಬರುತ್ತದೆ. ಮಗುವನ್ನು ಶಾಲೆಯ ಒಳಗೆ ಕಳಿಸುವಾಗ ಬೆನ್ನಿಗೆ ಕೈ ಇಡುತ್ತಾರಲ್ಲ, ಅಷ್ಟು ಬಲ ಸಾಕು."

ಅವನು ಅಂಗೈ ಇಟ್ಟ. ಅಂಗೈ ಇಟ್ಟೊಡನೆ ಅವನಿಗೆ ಅರ್ಥವಾಯಿತು. ಕೈ ತಿಳಿದುಕೊಳ್ಳುವ ವೇಗ ತಲೆಗೆ ಇರುವುದಿಲ್ಲ.

"ಇದೇನಾ ಅದು?" ಎಂದ.

"ಇದೇ."

"ಇಷ್ಟೇನಾ?"

"ಇಷ್ಟೇ."

"ತಿಂಗಳುಗಟ್ಟಲೆ ನನ್ನನ್ನು ನೀರಿನಲ್ಲಿ ನೆನೆಹಾಕಿದ್ದು ಇದಕ್ಕಾ ಮಾರಾಯ್ತಿ?"

"ನೆನೆದದ್ದು ಸಾಕು. ನೂಕು. ಕನ್ನಡಿ ತಣ್ಣಗಾಗುತ್ತಿದೆ."

ಅವನು ನೂಕಿದ.

ಗುರುಗಳು ಇಲ್ಲಿ ತಮ್ಮ ಎಡ ಅಂಗೈಯನ್ನು ಮುಂದಕ್ಕೆ ಚಾಚಿ ಒಂದು ಕ್ಷಣ ಹಾಗೆಯೇ ಹಿಡಿದರು. ಒಬ್ಬ ಶಿಷ್ಯೆ ಕೈ ಎತ್ತಿದಳು. ಗುರುಗಳು ಅವಳನ್ನು ನೋಡಿದರು. ಅವಳು ಕೈ ಇಳಿಸಿದಳು.

ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದ ಕಡೆ ಸದ್ದು ಹರಿಯುವುದಿಲ್ಲ. ಚಿಲಕ ಬಿದ್ದರೂ ಕಿವಿಗೆ ಕೇಳುವುದಿಲ್ಲ. ಆದರೆ ದೂರದರ್ಶಕವನ್ನು ನೌಕೆಯ ಬೆನ್ನಿಗೆ ಬಿಗಿದಿದ್ದರು. ಲೋಹಕ್ಕೆ ಲೋಹ ತಾಗಿತ್ತು. ಆ ನೌಕೆಯ ಬಾಗಿಲ ಕಂಬಿಯನ್ನು ಅವಳು ಹಿಡಿದಿದ್ದಳು. ಚಿಲಕ ಬಿದ್ದ ಏಟು ಗೂಡಿನಿಂದ ದೂರದರ್ಶಕಕ್ಕೆ, ದೂರದರ್ಶಕದಿಂದ ನೌಕೆಗೆ, ನೌಕೆಯಿಂದ ಕಂಬಿಗೆ ಬಂತು. ಕಂಬಿಯಿಂದ ಅವಳ ಬಲಗೈಗೆ ಬಂತು, ಕೈಗವಸು ಹರಿದ ಅದೇ ಕೈಗೆ. ಬಾಗಿಲು ತಟ್ಟಿದ ಹಾಗೆ, ಒಂದೇ ಒಂದು ಮೃದುವಾದ ಏಟು.

"ಕೂತಿತು," ಎಂದಳು.

ಅವನು ಇನ್ನೂ ಬಾಯಿ ತೆರೆದಿರಲಿಲ್ಲ.

"ನಿಮಗೆ ಅಲ್ಲಿಂದ ಕಾಣುವುದಿಲ್ಲ," ಎಂದಿತು ನೆಲದ ಕೇಂದ್ರ. "ಹೇಗೆ ಹೇಳುತ್ತೀರಿ?"

"ನನ್ನ ಕೈಗೆ ಬಂತು."

ನೆಲದ ಕೇಂದ್ರ ಸುಲಭವಾಗಿ ನಂಬುವ ಜಾಗವಲ್ಲ. ಅವರು ತಂತಿಗಳ ಮೂಲಕ ಪೆಟ್ಟಿಗೆಗೆ ಕರೆ ಕಳಿಸಿದರು. ಪೆಟ್ಟಿಗೆ ಉತ್ತರ ಕೊಟ್ಟಿತು. ದೂರದರ್ಶಕಕ್ಕೆ ಕಣ್ಣು ಬಂದಿತ್ತು.

ಆಗ ಅವನು ನಗಲು ಶುರುಮಾಡಿದ. ಅದು ಸಣ್ಣ ನಗೆಯಲ್ಲ. ಬಹಳ ದಿನಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದಾಗ ಬರುವ ನಗೆ. "ಕೈಗುಣ," ಎಂದ, ನಕ್ಕ. "ಕೈಗುಣವಂತೆ," ಎಂದ, ಇನ್ನೂ ನಕ್ಕ. ಅವಳಿಗೂ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಶಿರಸ್ತ್ರಾಣದ ಗಾಜಿನ ಮೇಲೆ ಅವಳ ಉಸಿರು ಮಂಜು ಕಟ್ಟಿತು. ಭೂಮಿಯಿಂದ ನೂರಾರು ಮೈಲಿ ಮೇಲೆ, ಒಬ್ಬರು ದೂರದರ್ಶಕದ ಹೊಟ್ಟೆಯ ಬಳಿ, ಒಬ್ಬರು ನೌಕೆಯ ಬಾಗಿಲ ಬಳಿ, ಒಬ್ಬರ ಮುಖ ಒಬ್ಬರಿಗೆ ಕಾಣದೆ, ಇಬ್ಬರೂ ನಗುತ್ತಲೇ ಇದ್ದರು.

ನೆಲದ ಕೇಂದ್ರದಿಂದ ಒಂದು ಗಂಭೀರ ಧ್ವನಿ ಹೇಳಿತು. "ದಯವಿಟ್ಟು ಗಮನಿಸಿ. ನಕ್ಕರೆ ಉಸಿರಾಟದ ಗಾಳಿ ಹೆಚ್ಚು ಖರ್ಚಾಗುತ್ತದೆ."

"ನಾನು ನೌಕೆಯ ಗಾಳಿಯಲ್ಲಿ ನಗುತ್ತಿದ್ದೇನೆ," ಎಂದಳು ಅವಳು. "ಅವನಿಗೆ ಮಾತ್ರ ಹೇಳಿ."

ಗಂಭೀರ ಧ್ವನಿ ಏನೋ ಉತ್ತರಿಸಲು ಹೋಯಿತು. ನಂತರ ಆ ಕಡೆಯಿಂದ ಬಂದದ್ದು ಇಡೀ ಕೋಣೆಯ ನಗು.

ಅವನು ಬಾಗಿಲು ಮುಚ್ಚಿದ. ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಕೊನೆಯ ಬೋಲ್ಟು ಬಿಗಿಯುವಾಗಲೂ ಅವನ ಉಸಿರಿನಲ್ಲಿ ನಗುವಿನ ಚೂರುಗಳಿದ್ದವು. ಮರುದಿನ ಯಂತ್ರದ ಕೈ ದೂರದರ್ಶಕವನ್ನು ಮೇಲೆತ್ತಿ ಬಿಟ್ಟುಕೊಟ್ಟಿತು. ಅದು ತನ್ನ ದಾರಿ ಹಿಡಿಯಿತು.

ಅವರು ನೆಲಕ್ಕೆ ಮರಳಿದ ಮೇಲೆ ಮೊದಲ ಚಿತ್ರ ಬಂತು. ದೊಡ್ಡ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ ತೋರಿಸಿದರು. ಅಲ್ಲಿ ಏನೂ ಇಲ್ಲವೆಂದು ಎಲ್ಲರೂ ತಿಳಿದಿದ್ದ ಆಕಾಶದ ಒಂದು ಕತ್ತಲ ಚೂರಿಗೆ ಅವರು ದೂರದರ್ಶಕವನ್ನು ತಿರುಗಿಸಿದ್ದರು. ಪರದೆಯ ಮೇಲೆ ಆ ಚೂರು ತುಂಬಿ ತುಳುಕುತ್ತಿತ್ತು. ಇಷ್ಟು ನಕ್ಷತ್ರಗಳು ಇಷ್ಟು ಕಾಲ ನೋಡುವವರಿಲ್ಲದೆ ಉರಿಯುತ್ತಿದ್ದವು. ಸಭಾಂಗಣದಲ್ಲಿ ಹಿರಿಯ ಪಂಡಿತರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಇಬ್ಬರೂ ಅಕ್ಕಪಕ್ಕದಲ್ಲಿ ಕುಳಿತಿದ್ದರು.

"ನೋಡು, ನಿನ್ನ ಪೆಟ್ಟಿಗೆ," ಎಂದ ಅವನು.

"ಕೂರಿಸಿದ್ದು ನೀನು."

"ಹೇಳಿಕೊಟ್ಟದ್ದು ನೀನು."

"ಬಾಯಿ ಮುಚ್ಚಿ ನೋಡು ಮಾರಾಯ," ಎಂದಳು.

ಅವನು ಬಾಯಿ ಮುಚ್ಚಿ ನೋಡಿದ.

ಕತೆ ಮುಗಿಯಿತು. ಶಿಷ್ಯರ ಮುಖಗಳು ಅರಳಿದ್ದವು. ಕೆಲವರು ತಮಗೆ ತಿಳಿಯದೆಯೇ ಎಡ ಅಂಗೈಯನ್ನು ಮುಂದೆ ಚಾಚಿ ನೋಡುತ್ತಿದ್ದರು. ಗುರುಗಳು ಅದನ್ನು ಕಂಡೂ ಕಾಣದವರಂತಿದ್ದರು.

ನೀಲಾಂಬಿಕೆಯೂ ನಕ್ಕಿದ್ದಳು. ಗಂಟಲು ಒಡೆದದ್ದರಿಂದ ಅವಳ ನಗೆಗೆ ಸದ್ದಿರಲಿಲ್ಲ. ಆದರೆ ನಗೆ ಬೇಗ ಇಳಿಯಿತು.

"ಗುರುಗಳೇ, ಆ ಯೋಚನೆಯನ್ನು ದೂಡಲು ಆ ಗಗನಯಾತ್ರಿಗೆ ಒಂದು ಗಳಿಗೆ ಸಾಕಾಯಿತು," ಎಂದಳು ಪಿಸುಮಾತಿನಲ್ಲಿ. "ನಾನು ನಿನ್ನೆಯಿಂದ ನನ್ನ ಜೊತೆ ಜಗಳವಾಡುತ್ತಲೇ ಇದ್ದೇನೆ. ನಿನ್ನೆ ಚಪ್ಪಾಳೆ ತಟ್ಟಿದ್ದು ನನ್ನ ಕೈಗಳು ಮಾತ್ರ. ನಾನು ಅವಳಂಥವಳಲ್ಲ."

ದಾನಮ್ಮ ತಟ್ಟನೆ ತಲೆ ಎತ್ತಿದಳು. ಏನನ್ನೋ ಹೇಳಲು ಹೊರಟಳು. ಗುರುಗಳು ಕೈಸನ್ನೆಯಿಂದ ಅವಳನ್ನು ತಡೆದು, ನೀಲಾಂಬಿಕೆಯ ಕಡೆಗೆ ತಿರುಗಿದರು.

"ಹಾಗಾದರೆ ನಿನ್ನೆ ಉಪನ್ಯಾಸದ ನಡುವೆ ದಾನಮ್ಮ ಮಾತು ಮರೆತು ನಿಂತಾಗ, ಇಲ್ಲದ ಧ್ವನಿಯನ್ನು ಎಲ್ಲಿಂದಲೋ ಎಳೆದು ತಂದು ಮುಂದಿನ ಮಾತನ್ನು ಅವಳಿಗೆ ಎತ್ತಿಕೊಟ್ಟವಳು ಯಾರು, ನೀಲಾಂಬಿಕೆ?"